ಹೋತ ತಿಣುಕಿದರೆ ‘ಹೊಟ್ಟೆ ಕಟ್ಟಿದೆ’ ಅನ್ನಬೇಡಿ

ನಮ್ಮ ಹೋತ ಒಂದು ಬೆಳಗ್ಗೆ ಬಾಲ ಎತ್ತಿ ತಿಣುಕತೊಡಗಿತು. ಹೊಟ್ಟೆ ಕಟ್ಟಿರಬೇಕೆಂದು ಎಣ್ಣೆ ಕುಡಿಸಿದೆವು. ಮರುದಿನ ತಿಣುಕುವುದು ನಿಂತಿತು. ‘ಗುಣ ಆಯ್ತು’ ಅಂದುಕೊಂಡೆವು. ಆದರೆ ಹೊಟ್ಟೆ ಜೋತು ಬಂತು, ನಾಲ್ಕನೇ ದಿನ ಸತ್ತೇ ಹೋಯಿತು. ತಿಣುಕು ನಿಂತದ್ದು ಮೂತ್ರಕೋಶ ಒಡೆದದ್ದರಿಂದ! ಕಾರಣ, ಮೂತ್ರನಾಳದಲ್ಲಿ ಸಿಕ್ಕಿಬಿದ್ದ ಸಣ್ಣ ಕಲ್ಲು.

ಗಂಡಿಗೇ ಯಾಕೆ?

ಹೆಣ್ಣಿನ ಮೂತ್ರನಾಳ ಗಿಡ್ಡ, ಅಗಲ, ಕಲ್ಲಿದ್ದರೂ ಹೊರಬೀಳುತ್ತದೆ. ಗಂಡಿನದು ಉದ್ದ, ಸಪೂರ, ನಡುವೆ ‘ಎಸ್’ ಆಕಾರದ ತಿರುವು ಬೇರೆ. ಆಡು-ಕುರಿಗಳಲ್ಲಿ ತುದಿಗೆ ದಾರದಂಥ ಸಣ್ಣ ಬಾಲವಿದೆ. ಕಲ್ಲು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಈ ಎರಡು ಕಡೆ. ಎಳೆಯದರಲ್ಲೇ ಬೀಜ ಒಡೆಸಿದರೆ ನಾಳ ಸರಿಯಾಗಿ ಬೆಳೆಯದೆ ಇನ್ನೂ ಸಪೂರವಾಗುತ್ತದೆ.

ಗುರುತಿಸುವುದು

ಪದೇ ಪದೇ ತಿಣುಕು, ಹನಿ ಹನಿ ಮೂತ್ರ, ಕೆಲವೊಮ್ಮೆ ರಕ್ತ, ಹಲ್ಲು ಕಡಿಯುವುದು, ಹೊಟ್ಟೆಗೆ ಒದ್ದುಕೊಳ್ಳುವುದು. ಮೂತ್ರದ್ವಾರದ ಕೂದಲಿಗೆ ಮರಳಿನಂಥ ಹರಳು ಅಂಟಿದ್ದರೆ ಸಂಶಯ ಬಲವಾಗಲಿ. ಒಣ ನೆಲದಲ್ಲಿ ಕಟ್ಟಿ, ಮೂತ್ರ ಬೀಳುತ್ತದೋ ನೋಡಿ. ಇಲ್ಲವಾದರೆ ಅಂದೇ ಪಶುವೈದ್ಯರನ್ನು ಕರೆಸಿ. ಸ್ಕ್ಯಾನಿಂಗ್ ಇರುವಲ್ಲಿ ಮೂತ್ರಕೋಶ ತುಂಬಿದೆಯೋ ಒಡೆದಿದೆಯೋ ಗೊತ್ತಾಗುತ್ತದೆ.

ಚಿಕಿತ್ಸೆ

ನಾಳ ಪೂರ್ತಿ ಕಟ್ಟಿರುವಾಗ ಬಲವಂತದಿಂದ ನೀರು ಕುಡಿಸುವುದು, ಮೂತ್ರ ಹೆಚ್ಚಿಸುವ ಔಷಧಿ ಕೊಡುವುದು ಅಪಾಯ. ಹೋಗಲು ದಾರಿಯೇ ಇಲ್ಲವಲ್ಲ! ಕಲ್ಲು ತುದಿಯಲ್ಲಿದ್ದರೆ ವೈದ್ಯರು ಆ ‘ಬಾಲ’ ಕತ್ತರಿಸುತ್ತಾರೆ, ಮೂತ್ರ ಹರಿಯಬಹುದು. ಮೇಲಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಮೂತ್ರಕೋಶಕ್ಕೆ ನಳಿಗೆ ಇಡುತ್ತಾರೆ. ಉಳಿದ ಕಲ್ಲು ಕರಗಲು ಅಮೋನಿಯಂ ಕ್ಲೋರೈಡ್ (ನವಸಾಗರ) ಕೊಡುವುದುಂಟು. ಪ್ರಮಾಣ ವೈದ್ಯರೇ ಹೇಳಬೇಕು. ಇದಕ್ಕೆ ಕರಗುವುದು ರಂಜಕದ ಕಲ್ಲು. ಸಿಲಿಕಾ ಕಲ್ಲು ಕರಗದು. ಸಿಕ್ಕಿದ ಕಲ್ಲನ್ನು ಎಸೆಯದೆ ವೈದ್ಯರಿಗೆ ತೋರಿಸಿ. ಮುಂದಿನ ಆಹಾರ ನಿರ್ಧರಿಸಲು ಅದು ಬೇಕು.

ಬಾರದಂತೆ

ತೌಡು, ಬೂಸಾ, ಧಾನ್ಯಗಳಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ. ಕೊಬ್ಬಿಸಲೆಂದು ಇವನ್ನೇ ಸುರಿದರೆ ಕಲ್ಲು ಕಟ್ಟುತ್ತದೆ. ಒಟ್ಟು ಆಹಾರದಲ್ಲಿ ಸುಣ್ಣದಂಶ ರಂಜಕದ ಎರಡು ಪಾಲಿರಬೇಕು. ತೌಡು ಇಳಿಸಿ, ಸೊಪ್ಪು-ಹುಲ್ಲು ಏರಿಸಿ. ಉಪ್ಪು ಕೊಟ್ಟರೆ ಪ್ರಾಣಿ ನೀರು ಹೆಚ್ಚು ಕುಡಿಯುತ್ತದೆ. ಶುದ್ಧ ನೀರು ಸದಾ ಎದುರಿಗಿರಲಿ. ಬೀಜ ಒಡೆಸಲು ಮೂರು-ನಾಲ್ಕು ತಿಂಗಳಾದರೂ ಕಾಯಿರಿ.

ಒಂದು ಹೋತ ಕಳಕೊಂಡು ಕಲಿತ ಪಾಠವಿದು. ನಿಮಗೆ ಅಷ್ಟು ಬೆಲೆ ಬೀಳದಿರಲಿ.