ಬಿಕ್ಕೋಡು ಸೀಮೆಯ ಕುರುಕ್ಷೇತ್ರ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಭಿತ್ತಿಯ ಮೇಲೆ ಭಾರತಯುದ್ಧವನ್ನು ಶಿಲೆಯಲ್ಲಿ ಕಂಡು ಬೆರಗಾಗುವ ಯಾತ್ರಿಕರಲ್ಲಿ, ಅದೇ ಬೇಲೂರು ತಾಲ್ಲೂಕಿಗೆ ಸೇರಿದ, ಕಾಫಿತೋಟಗಳ ಬಿಕ್ಕೋಡು ಹೋಬಳಿಯ ಕಡೆಗೆ ತಿರುಗುವವರು ವಿರಳ. ಆದರೆ ಆ ಯುದ್ಧವನ್ನು ಒಕ್ಕಲುಮಕ್ಕಳು ತಮ್ಮ ಕಂಠಬಲದಿಂದ ಮರಳಿ ಕಟ್ಟುವ ಪರಿಯನ್ನು ಅರಿಯಲಿಚ್ಛಿಸುವವರು ಹಾಸನ ಸೀಮೆಯ ಇಂಥ ಹಳ್ಳಿಗಳಿಗೇ ಬರಬೇಕು.

1884ರಲ್ಲಿ ಜನ್ಮತಾಳಿದ ಗುಬ್ಬಿ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ಜೀವಂತ ಆನೆಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ವನ್ನು ಮೆರೆಸಿತು. ಕಂಪನಿಗಳ ವೈಭವವು ಕುಂದಿದರೂ ಆ ನಾಟಕವು ಹಳೆಯ ಮೈಸೂರಿನ ಗ್ರಾಮಗಳಲ್ಲಿ ಬೇರೂರಿ, ನಟರನ್ನು ಅಲ್ಲಿಯ ಜನರಲ್ಲಿಯೇ ಕಂಡುಕೊಂಡಿತು.

ಕೊಯ್ಲು ಮುಗಿದು ಕೈಗೆ ಬಿಡುವು ದೊರೆತಾಗ ಊರಿನವರು ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ. ರಾತ್ರಿಯ ಊಟವಾದ ಮೇಲೆ ತಾಲೀಮು. ಮೇಷ್ಟ್ರು ಮೊದಲು ಪರೀಕ್ಷಿಸುವುದು ಮುಖವನ್ನಲ್ಲ, ಕಂಠವನ್ನು. ಒಬ್ಬನ ದನಿ ಹಾರ್ಮೋನಿಯಂನ ಕರಿ ಒಂದರ ಶ್ರುತಿಗೆ ಕೂಡುತ್ತದೆ, ಮತ್ತೊಬ್ಬನದು ಬಿಳಿ ಎರಡಕ್ಕೆ. ತಾರಸ್ಥಾಯಿಗೆ ಏರಲಾರದ ಅರ್ಜುನನಿಗಾಗಿ ಕಂದಪದ್ಯದ ಮಟ್ಟು ಇಳಿಯುತ್ತದೆ, ದಮ್ಮುಳ್ಳ ದುರ್ಯೋಧನನಿಗೆ ಒಂದು ಹಾಡು ಹೆಚ್ಚಾಗುತ್ತದೆ. ಓದಲು ಬಾರದವನಿಗೆ ಪಕ್ಕದವನು ಮಾತುಗಳನ್ನು ಓದಿ ಹೇಳುತ್ತಾನೆ. ಕೇಳಿಸಿಕೊಂಡವನು ಅವನ್ನು ಮರುದಿನ ಹೊಲದಲ್ಲಿ ಬಾಯಿಪಾಠ ಮಾಡುತ್ತಾನೆ. ಪಾತ್ರವನ್ನು ಬಯಸುವವರು ಅನೇಕರಾದಾಗ ಒಬ್ಬ ಕೃಷ್ಣನು ಇಬ್ಬರು ಮೂವರಾಗಿ ಹಂಚಿಹೋಗುವನು; ಮೊದಲನೆಯ ಕೃಷ್ಣನು ಒಳಹೊಕ್ಕರೆ ಮುಂದಿನ ದೃಶ್ಯಕ್ಕೆ ಎರಡನೆಯವನು ಬರುತ್ತಾನೆ, ಪ್ರೇಕ್ಷಕರಿಗೆ ಅದರಲ್ಲಿ ಎಳ್ಳಷ್ಟೂ ತೊಡಕಿಲ್ಲ. ಹೀಗೆ ಅಚ್ಚಾದ ಪುಸ್ತಕವು ಆಯಾ ಊರಿನ ಕಂಠಗಳಿಗೆ ಅನುಗುಣವಾಗಿ ಪ್ರತಿಸಾರಿಯೂ ಹೊಸತಾಗಿ ರಚಿತವಾಗುತ್ತದೆ. ಮೇಷ್ಟ್ರನ್ನು ಕೇವಲ ಶಿಕ್ಷಕನೆಂದು ಭಾವಿಸದೆ, ಊರಿನೊಡನೆ ಕೂಡಿ ಬರೆಯುವ ಕರ್ತೃವೆಂದೇ ನಾನು ಎಣಿಸುವೆನು.

ಸೀನರಿ, ವೇಷಭೂಷಣ, ಮೇಷ್ಟ್ರ ಸಂಭಾವನೆ, ಇವೆಲ್ಲಕ್ಕೂ ಹಣವನ್ನು ಹೊಂದಿಸುವವರು ಪಾತ್ರಧಾರಿಗಳೇ; ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ವೇಷ ತೊಡಲು ನಟನೇ ಹಣ ತೆರುವ ಈ ಪದ್ಧತಿಯಲ್ಲಿ ಕಲೆಯ ಮೇಲಿನ ಹಂಬಲವು ಎದ್ದು ಕಾಣುವುದಾದರೂ, ಕೂಲಿಯವನ ಮಗನಿಗೆ ಕಿರೀಟವು ದುರ್ಲಭವಾಗುವುದೂ ಇದರಿಂದಲೇ ಎಂಬುದನ್ನು ಮರೆಮಾಚಲಾಗದು. ದ್ರೌಪದಿ, ಕುಂತಿಯರನ್ನು ಸಾಮಾನ್ಯವಾಗಿ ಹೊರಗಿನಿಂದ ಕರೆಸುತ್ತಾರೆ. ಆಟದ ದಿನವೇ ಬಂದಿಳಿದು, ತಾಲೀಮಿಲ್ಲದೆಯೇ ರಾತ್ರಿಯಿಡೀ ನಾಟಕವನ್ನು ನಡೆಸಿಕೊಡುವ ಆ ಕಲಾವಿದೆಯರ ಸಾಮರ್ಥ್ಯವು ಅಸಾಧಾರಣವಾದುದು. ಊರಿನ ಹೆಣ್ಣುಮಕ್ಕಳು ಮಾತ್ರ ಚಾಪೆಯ ಮೇಲೆ ಕುಳಿತು ನೋಡುವವರಾಗಿಯೇ ಉಳಿದಿರುವುದು ನನಗೆ ಸಮ್ಮತವಲ್ಲ.

ಹಳ್ಳಿಯ ರಂಗಕ್ಕೆ ಬೇರೊಂದು ದಾರಿಯೂ ಉಂಟು. 1949ರಲ್ಲಿ ಹೆಗ್ಗೋಡಿನಲ್ಲಿ ಸ್ಥಾಪಿತವಾದ ನೀನಾಸಮ್ ರಂಗಸಂಸ್ಥೆಯು ಎಂಬತ್ತರ ದಶಕದ ‘ಜನಸ್ಪಂದನ’ ಯೋಜನೆಯ ಮೂಲಕ ಹಳ್ಳಿಹಳ್ಳಿಗಳಲ್ಲಿ ರಂಗಶಿಬಿರಗಳನ್ನು ನಡೆಸಿತು. ಉತ್ತರ ಕನ್ನಡದ ಸಿದ್ದಿ ಜನರೊಡನೆ ಚಿದಂಬರರಾವ್ ಜಂಬೆಯವರು ಆಫ್ರಿಕದ ಚಿನುವ ಅಚೆಬೆಯ ಕಾದಂಬರಿಯನ್ನು ನಾಟಕವಾಗಿಸಿದುದು ಆ ಕಾಲದಲ್ಲಿಯೇ. ಕಾಡಿನಂಚಿನ ಒಂದು ಸಮುದಾಯವು ತನ್ನ ಪೂರ್ವಿಕರ ಖಂಡದ ಕಥೆಯನ್ನು ತನ್ನದೇ ದೇಹದಿಂದ ಆಡಿತೋರಿಸಿತು. ಅಲ್ಲಿ ಪಾತ್ರಕ್ಕೆ ಯೋಗ್ಯತೆಯಾದುದು ಹಣವಲ್ಲ, ಬದುಕು. ಬಿಕ್ಕೋಡಿನಂಥ ಊರುಗಳ ತಾಲೀಮಿನ ಮನೆಗೂ ಆ ವಿಶಾಲತೆ ಬರಬೇಕು. ಬರುವಷ್ಟರಲ್ಲಿ, ಮಟ್ಟುಗಳನ್ನೂ ತಿದ್ದಿದ ಮಾತುಗಳನ್ನೂ ಹೊತ್ತ ಮೇಷ್ಟ್ರುಗಳ ಕೈಬರಹದ ಪುಸ್ತಕಗಳು ಗೆದ್ದಲಿಗೆ ತುತ್ತಾಗದಂತೆ ನಮ್ಮ ವಿಶ್ವವಿದ್ಯಾನಿಲಯಗಳು ಅವನ್ನು ಸಂಗ್ರಹಿಸಿ, ಮೇಷ್ಟ್ರುಗಳ ಕಂಠದಲ್ಲಿಯೇ ಧ್ವನಿಮುದ್ರಿಸಿಕೊಳ್ಳತಕ್ಕದ್ದು.