ಮಗ್ಗದ ಪಕ್ಕ ಕೂತು ಕಲಿಸುವವರು
ಬೇವೂರು ಕಡೆಯ ಮದುವೆ ಮನೆಗಳಲ್ಲಿ ಇಳಕಲ್ ಸೀರೆ ಇದ್ದೇ ಇರುತ್ತದೆ. ಅದರ ಸೆರಗು ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದೇ ಕೊಂಡಿ. ಪ್ರತಿ ಸೀರೆಗೂ ಇದು ಹೊಸದಾಗಿ ಆಗಬೇಕು.

ಬಾಯಿಮಾತಲ್ಲಿ ಹೇಳಿದರೆ ಈ ಕೆಲಸ ಬರುವುದಿಲ್ಲ. ಹಿರಿಯರು ಪಕ್ಕದಲ್ಲಿ ಕೂತು ಕೈ ನೋಡಬೇಕು, “ಎಳೆ ಬಿಗಿ ಆಯ್ತವ್ವ, ಸ್ವಲ್ಪ ಸಡಿಲ ಬಿಡು” ಅಂತ ಆಗಲೇ ಹೇಳಬೇಕು. ತಪ್ಪು ಅಲ್ಲೇ ಸಿಕ್ಕರೆ ರೇಷ್ಮೆ ಉಳಿಯುತ್ತದೆ, ಕಲಿಯುವವರ ಅಂಜಿಕೆ ಹೋಗುತ್ತದೆ. ಆಫೀಸಿಗೆ, ಆಸ್ಪತ್ರೆಗೆ ಹೊಸದಾಗಿ ಸೇರಿದವರಿಗೂ ಬೇಕಾದದ್ದು ಇಂಥ ತರಬೇತಿಯೇ.

ಆದರೆ ಸೀರೆಗಿಷ್ಟು ಎಂದು ಕೂಲಿ ಪಡೆಯುವ ನೇಕಾರರು ಕಲಿಸಲು ಮಗ್ಗ ನಿಲ್ಲಿಸಿದರೆ ಅಂದಿನ ದುಡಿಮೆ ಹೋಯಿತು. ಕಲಿಸುವ ಹೊತ್ತಿಗೂ ಕೂಲಿ ಸಿಗಲೇಬೇಕು.