ಪಾಲಾದ ಸಮಾಜವಿಜ್ಞಾನ

ಹಳ್ಳಿಯಲ್ಲಿ ಒಂದು ಸುದ್ದಿ ಬೇಗ ಹಬ್ಬಬೇಕೆಂದರೆ ಯಾರ ಕಿವಿಗೆ ಹಾಕಬೇಕು? ಕಟ್ಟೆಯ ಮೇಲಿನ ಹಿರಿಯರಿಗೋ, ಎದುರು ಸಿಕ್ಕ ಯಾರಿಗಾದರೂ ಆದೀತೋ, ‘ಅವಳಿಗೊಂದು ಮಾತು ಹೇಳಿ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ’ ಎಂದು ಊರವರೇ ಬೆರಳು ತೋರುತ್ತಾರಲ್ಲ, ಅಂಥವರಿಗೋ? ಕರ್ನಾಟಕದ 213 ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರ ತಂಡವೊಂದು ಇದನ್ನೇ ಪರೀಕ್ಷಿಸಿತು. ಇಂಥ ನಂಬರಿಗೆ ಕರೆ ಮಾಡಿದರೆ ಮೊಬೈಲನ್ನೋ ನಗದನ್ನೋ ಗೆಲ್ಲಬಹುದು ಎಂಬ ಸುದ್ದಿಯನ್ನು ಊರಿನ ನಾಲ್ಕಾರು ಮಂದಿಗಷ್ಟೇ ತಿಳಿಸಿ, ಆಮೇಲೆ ಎಷ್ಟು ಕರೆ ಬಂದವೆಂದು ಎಣಿಸಿದರು. ಊರವರು ಹೆಸರಿಸಿದವರು ಗೆದ್ದರು, ಹಿರಿಯರು ಹಿಂದೆ ಬಿದ್ದರು.

ಇದು ನಮ್ಮ ಅಜ್ಜಿಗೂ ಗೊತ್ತಿತ್ತು ಎನ್ನಬಹುದು. ಅಧ್ಯಯನದ ತಿರುಳೂ ಅದೇ: ಊರಿನಲ್ಲಿ ಯಾರು ಯಾರೊಂದಿಗೆ ಮಾತಾಡುತ್ತಾರೆ ಎಂಬ ಪೂರ್ತಿ ಚಿತ್ರ ಯಾರ ತಲೆಯಲ್ಲೂ ಇರುವುದಿಲ್ಲ, ಆದರೂ ಆ ಜಾಲದ ನಡುವೆ ಕೂತವರು ಯಾರೆಂದು ಅಜ್ಜಿಯಂಥವರು ಸರಿಯಾಗಿಯೇ ಹೇಳಬಲ್ಲರು. ಇದಕ್ಕೂ ಮೊದಲು ಇದೇ ತಂಡ ಕರ್ನಾಟಕದ 43 ಹಳ್ಳಿಗಳಲ್ಲಿ ಕಿರುಸಾಲದ ಸುದ್ದಿ ಮನೆಯಿಂದ ಮನೆಗೆ ಹೇಗೆ ಹರಿಯಿತೆಂದು ಅಳೆದಿತ್ತು. ತಂಡದಲ್ಲಿದ್ದ ಸ್ಟ್ಯಾನ್‌ಫರ್ಡ್‌ನ ಅರುಣ್ ಚಂದ್ರಶೇಖರ್ ಅವರಿಗೆ 2024ರಲ್ಲಿ ಇನ್ಫೊಸಿಸ್ ಪ್ರಶಸ್ತಿ ಬಂತು, ಅರ್ಥಶಾಸ್ತ್ರ ವಿಭಾಗದಲ್ಲಿ. ಆ ಹೆಸರಿನ ವಿಭಾಗ ಅದಕ್ಕೆ ಮುಂಚೆ ಇರಲೇ ಇಲ್ಲ. 2023ರವರೆಗೆ ಇದ್ದದ್ದು ಸಮಾಜವಿಜ್ಞಾನ. ಅರ್ಥಶಾಸ್ತ್ರವೂ ಅದರೊಳಗೇ ಇತ್ತು.

ಈ ದೇಶದಲ್ಲಿ ಸಮಾಜವಿಜ್ಞಾನಿಗೆ ಮನ್ನಣೆ ತಡವಾಗಿಯೇ ಬಂದದ್ದು. ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ 1950ರ ದಶಕದಲ್ಲೇ ಶುರುವಾಯಿತು. ಅಲ್ಲಿ ಗಣಿತ, ಭೌತ, ರಸಾಯನ, ವೈದ್ಯಕೀಯ, ಎಂಜಿನಿಯರಿಂಗ್ ಎಲ್ಲಕ್ಕೂ ಜಾಗವಿತ್ತು. ಜಾತಿ, ಭೂಮಿ, ಕೂಲಿ, ಮತದಾನಗಳನ್ನು ಅಧ್ಯಯನ ಮಾಡಿದವರಿಗೆ ಇರಲಿಲ್ಲ. ಸರ್ಕಾರ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯನ್ನು ಕಟ್ಟಿದ್ದು 1969ರಲ್ಲಿ. ಆ ವರ್ಷ ಕೇಂದ್ರದ ಶಿಕ್ಷಣ ಸಚಿವರಾದವರು ಬಳ್ಳಾರಿಯ ಸಂಸದ ವಿ.ಕೆ.ಆರ್.ವಿ. ರಾವ್. ಭಾರತದ ರಾಷ್ಟ್ರೀಯ ಆದಾಯದ ಲೆಕ್ಕ ಹಾಕಿ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು, ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿ ಬಂದಿದ್ದ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು, ನಾವೆಲ್ಲ ಐಸೆಕ್ ಎನ್ನುವುದನ್ನು, ಸ್ಥಾಪಿಸಿದರು. ದಿಲ್ಲಿಯಲ್ಲಿದ್ದ ಎಂ.ಎನ್. ಶ್ರೀನಿವಾಸ್ ಅವರೂ ಇಲ್ಲಿಗೆ ಬಂದರು. ರಾವ್ ಅರ್ಥಶಾಸ್ತ್ರದವರು, ಶ್ರೀನಿವಾಸ್ ಸಮಾಜಶಾಸ್ತ್ರದವರು, ಇಬ್ಬರಿಗೂ ಒಂದೇ ಆವರಣ. ರಾವ್ ಹೆಸರಿನಲ್ಲಿ ಯುವ ಸಮಾಜವಿಜ್ಞಾನಿಗಳಿಗೆ ಪ್ರಶಸ್ತಿಯೊಂದೂ ಇದೆ. ವಿದ್ವತ್ ವಲಯದಲ್ಲಿ ಅದಕ್ಕೆ ಗೌರವವಿದೆ, ಪತ್ರಿಕೆಯ ಮುಖಪುಟಕ್ಕೆ ಮಾತ್ರ ಅದು ಬಂದದ್ದು ಕಡಿಮೆ.

ಮುಖಪುಟಕ್ಕೆ ಬರುವಂಥ ಮೊತ್ತ ಬಂದದ್ದು 2009ರಲ್ಲಿ, ಇನ್ಫೊಸಿಸ್ ಸೈನ್ಸ್ ಫೌಂಡೇಶನ್ ಹುಟ್ಟಿದಾಗ. ಆರಂಭದಲ್ಲಿ ಪ್ರಶಸ್ತಿಯ ಮೊತ್ತ 50 ಲಕ್ಷ ರೂಪಾಯಿ. ಈಗ ಒಂದು ಲಕ್ಷ ಅಮೆರಿಕನ್ ಡಾಲರ್. ಸಾಫ್ಟ್‌ವೇರ್ ದುಡ್ಡಿನಿಂದ ನಡೆಯುವ, ಹೆಸರಲ್ಲೇ ‘ಸೈನ್ಸ್’ ಇರುವ ಪ್ರತಿಷ್ಠಾನ ಗಣಿತ, ಭೌತವಿಜ್ಞಾನದ ಪಕ್ಕದಲ್ಲೇ ಸಮಾಜವಿಜ್ಞಾನವನ್ನೂ ಕೂರಿಸಿದ್ದು ಸಣ್ಣ ಮಾತಲ್ಲ. ಅದನ್ನು ಬಿಟ್ಟಿದ್ದರೂ ಅಂದು ಯಾರೂ ಕೇಳುತ್ತಿರಲಿಲ್ಲ. ಮೊದಲ ವರ್ಷ ಈ ವಿಭಾಗದ ತೀರ್ಪುಗಾರರ ಮುಖ್ಯಸ್ಥರಾಗಿದ್ದವರು ಅಮರ್ತ್ಯ ಸೇನ್. ಪ್ರಶಸ್ತಿ ಇಬ್ಬರಿಗೆ: ಅರ್ಥಶಾಸ್ತ್ರಕ್ಕೆ ಅಭಿಜಿತ್ ಬ್ಯಾನರ್ಜಿ, ಪ್ರಾಚೀನ ಭಾರತದ ಇತಿಹಾಸಕ್ಕೆ ಉಪಿಂದರ್ ಸಿಂಗ್. 2010ರಲ್ಲಿ ಅಮಿತಾ ಬಾವಿಸ್ಕರ್ ಮತ್ತು ನಂದಿನಿ ಸುಂದರ್, 2011ರಲ್ಲಿ ರಘುರಾಂ ರಾಜನ್ ಮತ್ತು ಪ್ರತಾಪ್ ಭಾನು ಮೆಹ್ತಾ. ಹೀಗೆ ಮೂರು ವರ್ಷ ಜೋಡಿ.

2012ರಲ್ಲಿ ಮೊದಲ ಪಾಲು ಆಯಿತು. ಮಾನವಿಕಗಳಿಗೆ ಬೇರೆಯೇ ವಿಭಾಗ ಬಂತು, ಸಮಾಜವಿಜ್ಞಾನಕ್ಕೆ ವರ್ಷಕ್ಕೊಂದೇ ಪ್ರಶಸ್ತಿ ಉಳಿಯಿತು. ಇತಿಹಾಸವನ್ನು ಎತ್ತಿ ಮಾನವಿಕಗಳ ಕಡೆ ಇಟ್ಟರು. ಇತಿಹಾಸಕಾರ ಸಂಜಯ್ ಸುಬ್ರಹ್ಮಣ್ಯಂ ಪಡೆದದ್ದು ಅಲ್ಲಿ. ಹಾಗಂತ ಗಡಿ ಗಟ್ಟಿಯಾಗಲಿಲ್ಲ. ಸೇನೆ, ಯುದ್ಧಗಳ ಚರಿತ್ರೆ ಬರೆದ ಶ್ರೀನಾಥ್ ರಾಘವನ್ 2015ರಲ್ಲಿ ಸಮಾಜವಿಜ್ಞಾನದ ಲೆಕ್ಕಕ್ಕೆ ಬಂದರು. ಕಾನೂನಿನ ಅಲೆದಾಟವಂತೂ ಇನ್ನೂ ಮಜಾ: ಶಮ್ನಾದ್ ಬಶೀರ್ ಮಾನವಿಕ, ಲಾರೆನ್ಸ್ ಲಿಯಾಂಗ್ ಸಮಾಜವಿಜ್ಞಾನ, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಕುಲಪತಿ ಸುಧೀರ್ ಕೃಷ್ಣಸ್ವಾಮಿ ಮತ್ತೆ ಮಾನವಿಕ!

2012ರಿಂದ 2023ರವರೆಗಿನ ಹನ್ನೆರಡು ವರ್ಷಗಳ ಸಮಾಜವಿಜ್ಞಾನ ಪ್ರಶಸ್ತಿಯ ಪಟ್ಟಿಯನ್ನು ಸುಮ್ಮನೆ ಮೇಲಿನಿಂದ ಕೆಳಗೆ ಓದಿದರೆ ಒಂದು ತಾಳ ಕಿವಿಗೆ ಬೀಳುತ್ತದೆ. 2012 ಅರುಣವ ಸೇನ್, ಅರ್ಥಶಾಸ್ತ್ರ. 2013 ಎ.ಆರ್. ವಾಸವಿ, ಮಾನವಶಾಸ್ತ್ರ. 2014 ಎಸ್ತರ್ ಡುಫ್ಲೋ, ಮತ್ತೆ ಅರ್ಥಶಾಸ್ತ್ರ. 2015 ರಾಘವನ್. ಆಮೇಲೂ ಹೀಗೆಯೇ, ಸಮಸಂಖ್ಯೆಯ ವರ್ಷಗಳಲ್ಲಿ ಕೈವನ್ ಮುನ್ಶಿ, ಸೆಂಧಿಲ್ ಮುಲ್ಲೈನಾಥನ್, ರಾಜ್ ಚೆಟ್ಟಿ, ರೋಹಿಣಿ ಪಾಂಡೆ, ಎಲ್ಲರೂ ಅರ್ಥಶಾಸ್ತ್ರದವರು, ಬೆಸಸಂಖ್ಯೆಯ ವರ್ಷಗಳಲ್ಲಿ ಲಿಯಾಂಗ್, ಆನಂದ್ ಪಾಂಡಿಯನ್, ಪ್ರತೀಕ್ಷಾ ಬಕ್ಷಿ, ಕರುಣಾ ಮಂಟೇನಾ, ಒಬ್ಬರೂ ಅಲ್ಲ. ಒಂದು ವರ್ಷವೂ ತಪ್ಪಿಲ್ಲ. ಅರ್ಥಶಾಸ್ತ್ರಕ್ಕೆ ಆರು, ಉಳಿದೆಲ್ಲಕ್ಕೂ ಸೇರಿ ಆರು. ಕಾಗದದ ಮೇಲೆ 2024ರಲ್ಲಿ ಆದ ಪಾಲು ನಡವಳಿಕೆಯಲ್ಲಿ ಎಂದೋ ಆಗಿಹೋಗಿತ್ತು.

ಅರ್ಥಶಾಸ್ತ್ರದ ಈ ತೂಕ ಸುಮ್ಮನೆ ಬಂದದ್ದಲ್ಲ. 2003ರಲ್ಲಿ ಎಂ.ಐ.ಟಿ.ಯಲ್ಲಿ ಬ್ಯಾನರ್ಜಿ, ಡುಫ್ಲೋ, ಮುಲ್ಲೈನಾಥನ್ ಸೇರಿ ಬಡತನದ ಅಧ್ಯಯನಕ್ಕೊಂದು ಪ್ರಯೋಗಾಲಯ ಕಟ್ಟಿದರು. ಮೂವರಿಗೂ ಈ ಪ್ರಶಸ್ತಿ ಸಂದಿದೆ. ಡುಫ್ಲೋ ಫ್ರಾನ್ಸಿನವರು, ಆದರೆ ಅವರ ಹೆಸರಾಂತ ಕೆಲಸ ಎಷ್ಟೋ ನಡೆದದ್ದು ಭಾರತದ ಹಳ್ಳಿಗಳಲ್ಲಿ. ರಾಜಸ್ಥಾನದ ಉದಯಪುರ ಜಿಲ್ಲೆಯ ಪ್ರಯೋಗವನ್ನೇ ನೋಡಿ. ಏನನ್ನೂ ಹೊಸದಾಗಿ ಮಾಡದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಹಾಕಿಸಿಕೊಂಡ ಮಕ್ಕಳು ಶೇ 6. ತಪ್ಪದೆ ಲಸಿಕೆ ಶಿಬಿರ ನಡೆಸಿದಲ್ಲಿ ಶೇ 18. ಶಿಬಿರದ ಜೊತೆಗೆ ಪ್ರತಿ ಸಲ ಒಂದು ಕೆ.ಜಿ. ಬೇಳೆ, ಲಸಿಕೆಯೆಲ್ಲ ಮುಗಿದ ಮೇಲೆ ಊಟದ ತಟ್ಟೆಗಳು ಎಂದಲ್ಲಿ ಶೇ 39. ಇಂಥ ಅಂಕಿ ಕೈಗೆ ಸಿಕ್ಕರೆ ಯಾವ ಅಧಿಕಾರಿಯಾದರೂ ಕೂತು ಕೇಳುತ್ತಾನೆ. 2019ರಲ್ಲಿ ಬ್ಯಾನರ್ಜಿ, ಡುಫ್ಲೋ ಇಬ್ಬರಿಗೂ ಮೈಕೆಲ್ ಕ್ರೇಮರ್ ಜೊತೆ ನೊಬೆಲ್ ಬಂದಾಗ ಬೆಂಗಳೂರಿನ ಪ್ರಶಸ್ತಿಯ ಬೆಲೆಯೂ ಏರಿತು.

ವಾಸವಿಯವರ ಕೆಲಸ ಬೇರೆ ಜಾತಿಯದು. ವಿಜಯಪುರ ಸೀಮೆಯ ಒಣಬೇಸಾಯ, ಮಳೆಯ ನಂಬಿಕೆ, ಬೀಜ, ಆಮೇಲೆ ರೈತರ ಆತ್ಮಹತ್ಯೆ, ಇವನ್ನು ಅವರು ಊರಲ್ಲಿದ್ದು, ಕೇಳಿ, ನೋಡಿ ಬರೆದರು. ಆ ಬರಹವನ್ನು ಶೇಕಡಾವಾರಿಗೆ ಇಳಿಸಲಾಗದು. ಆದರೆ ಬೇಳೆ ಕೊಟ್ಟರೂ ಆ ಉಳಿದ ಶೇ 61 ಮಕ್ಕಳ ತಾಯಂದಿರು ಯಾಕೆ ಕೊನೆಯವರೆಗೂ ಬರಲಿಲ್ಲ ಎಂದು ತಿಳಿಯಬೇಕಿದ್ದರೆ ಇಂಥವರೇ ಬೇಕು. ಡುಫ್ಲೋ, ವಾಸವಿ ಇಬ್ಬರೂ ಒಂದೇ ಹೆಸರಿನ ಪ್ರಶಸ್ತಿ ಪಡೆಯುತ್ತಿದ್ದಾಗ ಕಡೇಪಕ್ಷ ಒಬ್ಬರ ಪುಸ್ತಕ ಇನ್ನೊಬ್ಬರ ಮೇಜಿಗೆ ಹೋಗುವ ನೆಪವಿತ್ತು.

2024ರಲ್ಲಿ ಅರ್ಥಶಾಸ್ತ್ರ ಬೇರೆಯಾಯಿತು. ಸಮಾಜಶಾಸ್ತ್ರ, ಮಾನವಶಾಸ್ತ್ರ, ರಾಜ್ಯಶಾಸ್ತ್ರಗಳು ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳೊಂದಿಗೆ ‘ಮಾನವಿಕ ಮತ್ತು ಸಮಾಜವಿಜ್ಞಾನ’ ಎಂಬ ಒಂದೇ ಸೂರಿನಡಿ ಸೇರಿದವು. ಆ ವರ್ಷ ಅಲ್ಲಿಂದ ಪಡೆದವರು ಇತಿಹಾಸಕಾರ ಮಹಮೂದ್ ಕೂರಿಯ, ಹಿಂದೂ ಮಹಾಸಾಗರದ ತೀರಗಳಲ್ಲಿ ಇಸ್ಲಾಮಿಕ್ ಕಾನೂನು ನಡೆದು ಬಂದ ದಾರಿಯನ್ನು ಬರೆದವರು. ಯೋಗ್ಯರೇ. ಆದರೆ ಅರ್ಥಶಾಸ್ತ್ರಕ್ಕೆ ಪ್ರತಿ ವರ್ಷದ ಕುರ್ಚಿ ಸಿಕ್ಕಿತು, ಉಳಿದವರಿಗೆ ವರ್ಷ ಬಿಟ್ಟು ವರ್ಷ ಬರುತ್ತಿದ್ದ ಸರದಿಯ ಖಾತ್ರಿಯೂ ಹೋಯಿತು.

ಇದಕ್ಕಿಂತ ನನಗೆ ಹೆಚ್ಚು ಕಸಿವಿಸಿ ತಂದದ್ದು ಅದೇ ವರ್ಷ ಬಂದ ವಯಸ್ಸಿನ ನಿಯಮ. ಮೊದಲು 50 ವರ್ಷ ಇದ್ದ ಮಿತಿ 40ಕ್ಕೆ ಇಳಿಯಿತು. ಎಳೆಯ ಪ್ರತಿಭೆಗೆ ಆಸರೆ ಎಂಬ ಉದ್ದೇಶ ಸರಿಯೇ. ಗಣಿತದಲ್ಲಿ ಅದು ಒಪ್ಪುತ್ತದೆ. ಪ್ರಶಸ್ತಿ ಬಂದಾಗ ಬ್ಯಾನರ್ಜಿಯವರಿಗೆ 48, ಡುಫ್ಲೋಗೆ 42. ಇಂದಿನ ನಿಯಮದಲ್ಲಿ ಇಬ್ಬರ ಹೆಸರೂ ಮೊದಲ ಜರಡಿಯಲ್ಲೇ ಬಿದ್ದುಹೋಗುತ್ತಿತ್ತು. ತಂಡ ಕಟ್ಟಿ, ದತ್ತಾಂಶ ಕಲೆಹಾಕಿ ಬರೆಯುವ ಅರ್ಥಶಾಸ್ತ್ರಜ್ಞರಾದರೂ ನಲವತ್ತರೊಳಗೆ ಎದ್ದು ಕಾಣಬಹುದು. ಒಬ್ಬರೇ ಊರಲ್ಲಿ ಕೂತು, ಮಾತು ಕಲಿತು, ನಂಬಿಕೆ ಗಳಿಸಿ ಬರೆಯುವವರಿಗೆ ಆ ವಯಸ್ಸಿಗೆ ಎರಡನೇ ಪುಸ್ತಕವೂ ಆಗಿರುವುದಿಲ್ಲ. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದ್ದು 1948ರಲ್ಲಿ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟವು, ನೆನಪಿನಿಂದಲೇ ಬರೆದ ‘ದ ರಿಮೆಂಬರ್ಡ್ ವಿಲೇಜ್’ ಹೊರಬಂದದ್ದು 1976ರಲ್ಲಿ. ಆಗ ಅವರು ಅರವತ್ತರ ಹೊಸ್ತಿಲಲ್ಲಿದ್ದರು. ಪ್ರತಿಷ್ಠಾನ ಗಣಿತಕ್ಕೆ ನಲವತ್ತನ್ನೇ ಇಟ್ಟುಕೊಳ್ಳಲಿ. ಮಾನವಿಕ ಮತ್ತು ಸಮಾಜವಿಜ್ಞಾನದ ಪಾಲಿಗೆ ಹಳೆಯ ಐವತ್ತನ್ನೇ ಮರಳಿಸುವುದಕ್ಕೆ ಅಡ್ಡಿ ಏನೂ ಕಾಣುವುದಿಲ್ಲ.